ಹುಡ್ ಮಡಚಿದ ಜೀಪಿನಲ್ಲಿ ಅಪ್ಪನ ದನಿ

ನನ್ನ ವಯಸ್ಸಿನವರು ಗಾಳಿಗೆ ಹೆದರಿ ಕಿವಿಗೆ ಮಫ್ಲರ್ ಸುತ್ತಿಕೊಳ್ಳುತ್ತಾರೆ. ನಾನು ಹೋಗಿ ಹಳೆಯ ಜೀಪೊಂದನ್ನು ಕೊಂಡೆ. ತಲೆಯ ಮೇಲಿರುವ ಬಟ್ಟೆಯ ಹುಡ್ಡನ್ನೂ ಮಡಚಿ ಹಿಂದಕ್ಕೆ ಕಟ್ಟಿ ಓಡಿಸುತ್ತೇನೆ. ನಮ್ಮೂರಿನ ಜಗತ್ ಸರ್ಕಲ್ಲಿನಲ್ಲಿ ನಿಂತಾಗ ಅಕ್ಕಪಕ್ಕದ ಆಟೋದವರು ನನ್ನನ್ನು ಚುನಾವಣೆಗೆ ನಿಂತವನೇನೋ ಎಂಬಂತೆ ನೋಡುತ್ತಾರೆ. ಮೊನ್ನೆ ಒಬ್ಬರು ಕೈಯನ್ನೂ ಮುಗಿದರು. ಸುಮ್ಮನೆ ಯಾಕೆ ನಿರಾಸೆ ಮಾಡಬೇಕೆಂದು ನಾನೂ ಮುಗಿದೆ.

ಶೋಕಿಗಾಗಿ ಕೊಂಡೆ ಎಂದು ಎಲ್ಲರಿಗೂ ಹೇಳಿದ್ದೇನೆ. ನಿಮ್ಮ ಮುಂದೆ ಮುಚ್ಚಿಡುವುದೇಕೆ? ನಿಜವಾದ ಕಾರಣ ಒಂದು ನೆನಪು. ಅಪ್ಪ ತೀರಿಕೊಂಡಾಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಅವನ ಮುಖ ಫೋಟೋದಲ್ಲಿ ಉಳಿದಿದೆ. ದನಿ ಮಾತ್ರ ಒಂದೇ ಕಡೆ ಉಳಿದಿದೆ, ನನ್ನ ತಲೆಯೊಳಗೆ. ಹುಡ್ ಮಡಚಿದ ಸರ್ಕಾರಿ ಜೀಪು, ಕಮಲಾಪುರದ ದಾರಿ. ಮುಂದೆ ಅಪ್ಪ, ಹಿಂದೆ ನಾನು. ಜೀಪು ಬಾಣದಂತೆ ಹೋಗುತ್ತಿದೆ, ಅಪ್ಪ ಏನೋ ಹೇಳುತ್ತಲೇ ಇದ್ದಾನೆ. ಮಾತು ನೆನಪಿಲ್ಲ. ದನಿ ಇದೆ. ತುಸು ಒಡಕು, ಕೊನೆಯಲ್ಲೊಂದು ನಗು.

ಇಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಕಲಿಸಿದವನಿಗೆ ಸುಮ್ಮನಿರುವುದು ಬರುವುದಿಲ್ಲ. ನೆನಪೆಂಬುದು ಆಗಾಗ ಹೊಸದಾಗಿ ಬಡಿಯುವ ಜೋಳದ ರೊಟ್ಟಿ, ಹಿಟ್ಟು ಹಳೆಯದಾದರೂ ಆಕಾರ ಆ ಹೊತ್ತಿನ ಕೈಯದು ಎಂದು ವರ್ಷಗಟ್ಟಲೆ ಪಾಠ ಮಾಡಿದೆ. ಪಾಠ ಕೇಳಿದ ಹುಡುಗರು ಮನೆಗೆ ಹೋಗಿ ಅಜ್ಜಿಯಂದಿರ ಕಥೆಗಳಿಗೆ ಪುರಾವೆ ಕೇಳಿ ಬೈಸಿಕೊಂಡರಂತೆ. ನಾನು ನನ್ನನ್ನೇ ಕೇಳಿಕೊಂಡೆ: ಅಷ್ಟು ಜೋರಾಗಿ ಓಡುವ ತೆರೆದ ಜೀಪಿನಲ್ಲಿ ಹಿಂದೆ ಕೂತವನಿಗೆ ಮುಂದಿನವನ ಮಾತು ಕೇಳಿಸುತ್ತದೆಯೇ? ಕೇಳಿಸದಿದ್ದರೆ ಆ ದನಿ ಯಾರದು? ನಾನೇ ಕಟ್ಟಿಕೊಂಡದ್ದೇ? ಹಾಗಿದ್ದರೆ ಅಪ್ಪನದು ಎನ್ನುವಂಥದ್ದು ನನ್ನ ಹತ್ತಿರ ಏನೂ ಇಲ್ಲ.

ಕಪನೂರಿನಲ್ಲಿ ವರ್ಕ್‌ಶಾಪ್ ಇಟ್ಟಿರುವ ಗೆಳೆಯ ರಫೀಕ್ ಜೀಪು ಹುಡುಕಿಕೊಟ್ಟ. “ಎಸಿ ಕಾರ್ ಬಿಟ್ಟು ಧೂಳ್ ತಿನ್ನಾಕ ಹೊಂಟೀರಿ. ದಿಮಾಗ್ ಠಿಕಾಣಿಗಿ ಅದ ಇಲ್ರೀ ಸರ್?” ಎಂದ. ಅದನ್ನೇ ಪರೀಕ್ಷಿಸಲು ಹೊರಟಿದ್ದೇನೆಂದು ಅವನಿಗೆ ಹೇಳಲಿಲ್ಲ.

ಪ್ರಯೋಗಕ್ಕೆ ಹಿಂದಿನ ಸೀಟಿನಲ್ಲಿ ಒಬ್ಬರು ಬೇಕಲ್ಲ? ಗಾಜಿಪುರ ಬಡಾವಣೆಯಿಂದ ಅಕ್ಕನನ್ನು ಹತ್ತಿಸಿಕೊಂಡೆ. ನಿವೃತ್ತ ಗಣಿತದ ಟೀಚರು. ಅವಳು ಸೆರಗನ್ನು ತಲೆಗೆ ಬಿಗಿಯತೊಡಗಿದಳು.

“ಕಿವಿ ಮುಚ್ಚಬ್ಯಾಡ ಅಕ್ಕಾ, ಪ್ರಯೋಗ ಕೆಡ್ತದ.”

“ನಿನ್ನ ಪ್ರಯೋಗಕ್ಕ ಬೆಂಕಿ ಬೀಳಲಿ. ಥಂಡಿ ಹತ್ತಿದ್ರ ಔಷಧ ಯಾರು ಕೊಡ್ತಾರ, ನಿನ್ನ ಯುನಿವರ್ಸಿಟಿ?”

ಆದರೂ ಒಂದು ಕಿವಿ ಹೊರಗೆ ಬಿಟ್ಟಳು.

ಕಪನೂರು ದಾಟಿದ ಮೇಲೆ ರಸ್ತೆ ಬಿಚ್ಚಿಕೊಳ್ಳುತ್ತದೆ. ವೇಗದ ಮುಳ್ಳು ಎಂಬತ್ತಕ್ಕೆ ಹೋಯಿತು. ಆ ವೇಗದಲ್ಲಿ ಗಾಳಿಗೆ ತೂಕ ಬರುತ್ತದೆ. ಅಂಗಿ ಬಲೂನಾಯಿತು, ರೆಪ್ಪೆಗಳು ನನ್ನ ಮಾತು ಕೇಳಲಿಲ್ಲ, ಮಡಚಿದ ಹುಡ್ ಬೆನ್ನಹಿಂದೆ ಯಾರೋ ಬಟ್ಟೆ ಒಗೆಯುತ್ತಿರುವಂತೆ ಬಡಿದುಕೊಂಡಿತು. ಎದುರಿನ ಲಾರಿಗಳೆಲ್ಲ ಒಂದೊಂದು ಕಪಾಳಮೋಕ್ಷ ಮಾಡಿ ಹೋದವು. ಸುಖವೋ ಶಿಕ್ಷೆಯೋ ತಿಳಿಯದ ಸ್ಥಿತಿ ಅದು, ನಗುವಂತೂ ಬಂತು. ಆಮೇಲೆ ಕೆಲಸ ನೆನಪಾಗಿ ಹದಿನೇಳರ ಮಗ್ಗಿ ಶುರುಮಾಡಿದೆ. ಬೇಕೆಂದೇ “ಹದಿನೇಳಾರ್ಲೆ ನೂರಾ ಹನ್ನೊಂದು” ಎಂದು ಕೂಗಿದೆ. ಮದುವೆಯ ಊಟದ ಪಂಕ್ತಿಯಲ್ಲೂ ತಪ್ಪು ಲೆಕ್ಕ ಕೇಳಿದರೆ ತುತ್ತು ಬಿಟ್ಟು ತಿದ್ದುವ ಅಕ್ಕ ತೊಗರಿ ಹೊಲ ನೋಡುತ್ತ ಕೂತಿದ್ದು ಕನ್ನಡಿಯಲ್ಲಿ ಕಂಡಿತು. ಇಪ್ಪತ್ತರ ಮಗ್ಗಿಯವರೆಗೂ ಹೋದೆ, ಎಲ್ಲ ತಪ್ಪೇ. ಹಿಂದಿನಿಂದ ಚಕಾರವಿಲ್ಲ.

ಪ್ರಯೋಗ ಯಶಸ್ವಿಯಾಗಿತ್ತು. ನನಗೆ ಅಳು ಬರುವಂತಿತ್ತು.

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣಿನ ಗಾಡಿಯ ಪಕ್ಕ ನಿಲ್ಲಿಸಿದೆ. ಅಕ್ಕ ಗುಬ್ಬಿಗೂಡಿನಂತಾದ ಕೂದಲು ಸರಿಮಾಡಿಕೊಳ್ಳುತ್ತ, “ಯಾಕೋ ತಮ್ಮಾ, ಮಾರಿ ಹಿಂಗ್ಯಾಕ ಆಗ್ಯಾದ?” ಎಂದಳು.

“ಅಪ್ಪನ ದನಿ ನಾ ಕೇಳೇ ಇಲ್ಲ ಅಕ್ಕಾ. ಇಷ್ಟು ಜೋರು ಹೋಗೋ ಜೀಪಿನಾಗ ಯಾರಿಗೂ ಏನೂ ಕೇಳಂಗಿಲ್ಲ. ಎಲ್ಲಾ ನಾನೇ ಕಟ್ಕೊಂಡೀನಿ.”

“ಜೋರು? ನಮ್ಮಪ್ಪ?” ಅಕ್ಕ ಹಣ್ಣು ಸುಲಿಯುವುದನ್ನೇ ನಿಲ್ಲಿಸಿದಳು. “ಹುಚ್ಚಪ್ಪಾ, ನೀ ಹಿಂದ ಕುಂತಿದ್ದಿ ಅಂದ್ರ ಅಂವ ಜೀಪು ನಡಸ್ತಿದ್ದಿಲ್ಲೋ, ತೊಟ್ಟಿಲ ತೂಗ್ತಿದ್ದ. ಅವ್ವನ ಹಳೀ ಸೀರಿಲೆ ನಿನ್ನ ಜೀಪಿನ ಸರಳಿಗಿ ಕಟ್ಟಿರ್ತಿದ್ವಿ. ನಾ ಅಪ್ಪನ ಬಾಜೂಕ ಕುಂತು ನೋಡ್ತಿದ್ದೆ, ಸೈಕಲ್‌ನವ್ರು ನಮ್ಮನ್ನ ದಾಟಿ, ಹೊಳ್ಳಿ ನೋಡಿ ನಗ್ತಿದ್ರು.”

“ಮತ್ತ ಅಷ್ಟೊಂದು ಏನು ಮಾತಾಡ್ತಿದ್ದ?”

“ಏನು ಮಾತು? ನಿನ್ನ ಹೆಸರು ಕೂಗ್ತಿದ್ದ, ಅಷ್ಟೇ. ನೀ ಹೂಂ ಅನ್ನೋ ತನಕ ಬಿಡ್ತಿದ್ದಿಲ್ಲ. ಎಲ್ಲಿ ಹಿಂದ ಬಿದ್ದೀಯೋ ಅಂತ ಅಂಜಿಕಿ. ಹೂಂ ಅಂದಿ ಅಂದ್ರ ನಗ್ತಿದ್ದ. ಒಂದು ಫರ್ಲಾಂಗ್ ಹೋದ್ರ ಮತ್ತ ಅದೇ.”

ನಾನು ಹಣ್ಣನ್ನು ಕೈಯಲ್ಲೇ ಹಿಡಿದು ನಿಂತಿದ್ದೆ. ಅಂದು ಮುಖಕ್ಕೆ ಬಡಿದ ಗಾಳಿ, ತಲೆಯ ಮೇಲೆ ಬರಿಯ ಆಕಾಶ. ಸರಳಿಗೆ ಕಟ್ಟಿಸಿಕೊಂಡ ಮಗುವಿಗೆ ಸೈಕಲ್ಲಿನ ವೇಗವೇ ಬಾಣದ ವೇಗ. ದೊಡ್ಡವನಾದ ಮೇಲೆ ನಾನು ಆ ಜೀಪಿಗೆ ಇಂದಿನ ಹೆದ್ದಾರಿಯನ್ನು ಹಾಸಿಕೊಟ್ಟಿದ್ದೆ. ನೆನಪಿನಲ್ಲಿ ವೇಗವೂ ಇತ್ತು, ದನಿಯೂ ಇತ್ತು. ಎರಡೂ ನಿಜವಾಗಿರುವುದು ಶಕ್ಯವಿರಲಿಲ್ಲ. ವೇಗವನ್ನು ಸಂತೋಷವಾಗಿ ಬಿಟ್ಟುಕೊಟ್ಟೆ.

ಅಕ್ಕನ ನೆನಪೂ ಅವಳ ಕೈಯ ರೊಟ್ಟಿಯೇ ಅಲ್ಲವೇ ಎಂದು ನನ್ನೊಳಗಿನ ಮೇಷ್ಟ್ರು ಗೊಣಗಿದರು. ಇರಬಹುದು. ಹಸಿದವನು ರೊಟ್ಟಿಯ ಆಕಾರ ನೋಡುವುದಿಲ್ಲ.

ವಾಪಸು ಬರುವಾಗ ರಸ್ತೆಯ ಎಡ ಅಂಚು ಹಿಡಿದು ತೆವಳಿಕೊಂಡು ಬಂದೆ. ಲಾರಿಯವನೊಬ್ಬ ಪಕ್ಕಕ್ಕೆ ಬಂದು, “ಕಾಕಾ, ಇಳದು ನಡ್ಕೋತ ಹೋಗ್ರಿ, ಲಗೂ ಮುಟ್ತೀರಿ!” ಎಂದ. “ಅವಸರ ಇದ್ರ ಮ್ಯಾಲಿಂದ ಹಾರಿ ಹೋಗೋ!” ಎಂದಳು ಅಕ್ಕ. ಒಂದೊಂದು ಅಕ್ಷರವೂ ನನಗೆ ಕೇಳಿಸಿತು.

ಆಮೇಲೆ ಬಹಳ ಹೊತ್ತು ಹಿಂದಿನಿಂದ ಸದ್ದಿಲ್ಲ. ನಾನು ರಸ್ತೆಯಿಂದ ಕಣ್ಣು ತೆಗೆಯದೆ, “ಅಕ್ಕಾ?” ಎಂದೆ.

“ಇದ್ದೀನೋ,” ಎಂದಳು. “ಬಾಳೆಹಣ್ಣು ತಿನ್ನಾಕತ್ತೀನಿ. ಸುಮ್ಮ ಗಾಡಿ ನಡಸು.”