ಸತ್ತವಳ ಕೈಯಿಂದ ಬಿಚ್ಚಿದ ಹೆಸರು

ಆ ಕಟ್ಟಡದಲ್ಲಿ ಎಲ್ಲರೂ ಅವಳನ್ನು ಲಿಫ್ಟಕ್ಕ ಎಂದೇ ಕರೆಯುತ್ತಿದ್ದರು. ಹಳೇ ಲಿಫ್ಟು, ಕಬ್ಬಿಣದ ಜಾಲರಿ ಬಾಗಿಲನ್ನು ಕೈಯಿಂದಲೇ ಎಳೆಯಬೇಕು. ಮೂಲೆಯ ಸ್ಟೂಲಿನಲ್ಲಿ ಕೂತು, ಹತ್ತಿದವರ ಮುಖವನ್ನೂ ನೋಡದೆ "ಯಾವ ಮಹಡಿ?" ಎಂದು ಕೇಳಿ ಗುಂಡಿ ಒತ್ತುವುದು ಅವಳ ಕೆಲಸ. ಬೇಸರ ಬಂದಾಗ, ಹಿಂದೆ ಜನ ಇದ್ದರೂ ಲೆಕ್ಕಿಸದೆ, ತಂಗಿಗೆ ಫೋನು ಮಾಡಿ ಮನೆಯ ತಾಪತ್ರಯವೆಲ್ಲ ತೋಡಿಕೊಳ್ಳುತ್ತಿದ್ದಳು.

ಒಂದು ಸಂಜೆ ಮನೆಗೆ ಬಂದು ನೋಡಿದರೆ ಚೀಲದಲ್ಲಿ ಗುರುತಿನ ಚೀಟಿ ಇರಲಿಲ್ಲ. "ಬಸ್ಸಲ್ಲಿ ಹೊಡೆದಿರ್ತಾರೆ ಬಿಡು," ಎಂದಳು ತಂಗಿ. ಇವತ್ತು ನಾಳೆ ಎನ್ನುತ್ತ ತಿಂಗಳುಗಳು ಕಳೆದ ಮೇಲೆ ಇಬ್ಬರೂ ಹೊಸದನ್ನು ಮಾಡಿಸಲು ಕಚೇರಿಗೆ ಹೋದರು.

ಕಿಟಕಿಯ ಹಿಂದಿದ್ದ ಗುಮಾಸ್ತ ನಂಬರು ಒತ್ತಿ ಪರದೆ ನೋಡಿದ, ಅವಳ ಮುಖ ನೋಡಿದ, ಮತ್ತೆ ಪರದೆ ನೋಡಿದ.

"ಅಮ್ಮಾ, ಇವರು ನಿಮಗೇನಾಗಬೇಕು?"

"ಏನಾಗಬೇಕು ಅಂದ್ರೆ? ನಾನೇ."

"ಇವರು ತೀರಿಕೊಂಡಿದಾರಲ್ಲಮ್ಮ. ಹೋದ ವಾರ, ದೊಡ್ಡಾಸ್ಪತ್ರೆಯಲ್ಲಿ."

ತಂಗಿಗೆ ರೇಗಿತು. "ಸತ್ತವಳು ಇವತ್ತು ಬೆಳಗ್ಗೆ ಬಿಸಿನೀರಿಗೆ ನನ್ನ ಜೊತೆ ಜಗಳ ಆಡಿದಾಳೆ ಸ್ವಾಮಿ!"

ಗುಮಾಸ್ತ ನಗಲಿಲ್ಲ. "ಆಸ್ಪತ್ರೆಯವರು ತಪ್ಪಾಗಿದೆ ಅಂತ ಬರೆದುಕೊಡಬೇಕು. ಅಲ್ಲೀವರೆಗೆ ನನ್ನ ಕೈಲಿ ಏನೂ ಇಲ್ಲ," ಎಂದ.

ಆಸ್ಪತ್ರೆಯಲ್ಲಿ ಹೆಸರು ಹೇಳಿದ್ದೇ ತಡ, ವಾರ್ಡಿನ ನರ್ಸು ಹಿಡಿದಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. ಆ ಹೆಸರಿನ ಹೆಂಗಸು ಜೋರು ಜ್ವರದಲ್ಲಿ ಒಬ್ಬಳೇ ಬಂದಿದ್ದಳಂತೆ. ಅವಳು ತೋರಿಸಿದ ಚೀಟಿಯ ಫೋಟೊ ಮಾಸಿಹೋಗಿತ್ತು, ಯಾರಿಗೂ ಅನುಮಾನ ಬರಲಿಲ್ಲ. ಸತ್ತ ಮೇಲೆ ಚೀಟಿಯ ವಿಳಾಸಕ್ಕೆ ಜನ ಕಳಿಸಿದರೆ, ಅವರು ಈ ಮನೆ ಬಿಟ್ಟು ಬಹಳ ಕಾಲವಾಯಿತು ಎಂದು ಈಗ ಅಲ್ಲಿರುವವರು ಹೇಳಿದರಂತೆ. ಅದು ಲಿಫ್ಟಕ್ಕನ ಹಳೇ ಬಾಡಿಗೆ ಮನೆ.

"ಕೇಳಿದ್ದಕ್ಕೆಲ್ಲ ಸರಿಯಾಗೇ ಹೇಳ್ತಿದ್ರು," ಎಂದಳು ನರ್ಸು. "ತಂಗಿ ಒಬ್ಬಳಿದಾಳೆ, ಬಾಯಿ ಜೋರು, ಮನಸ್ಸು ಮಾತ್ರ ಬೆಣ್ಣೆ ಅಂತಿದ್ರು."

ತಂಗಿ ತಿರುಗಿ ಅಕ್ಕನ ಮುಖ ನೋಡಿದಳು. ನರ್ಸು ಮುಂದುವರಿಸಿದಳು.

"ಕೊನೇಲಿ ಪ್ರಜ್ಞೆ ಸರಿಯಾಗಿರಲಿಲ್ಲ. ಮಂಚದ ಹತ್ತಿರ ಯಾರೇ ಹೋದ್ರೂ ಒಂದೇ ಮಾತು. 'ಯಾವ ಮಹಡಿ? ಯಾವ ಮಹಡಿ?' ಏನೋ ಬಡಬಡಿಸ್ತಿದಾರೆ ಅಂದ್ಕೊಂಡ್ವಿ."

ಅದು ತನ್ನದೇ ಮಾತು ಎಂದು ಲಿಫ್ಟಕ್ಕನಿಗೆ ತಿಳಿಯಿತು. ಚೀಟಿ ಹೋದದ್ದು ಬಸ್ಸಿನಲ್ಲಲ್ಲ. ಯಾರೋ ಒಬ್ಬಳು ದಿನಾ ಲಿಫ್ಟು ಹತ್ತಿ, ಬೆನ್ನ ಹಿಂದೆಯೇ ನಿಂತು, ಅವಳ ಮಾತನ್ನೆಲ್ಲ ಕೇಳಿಸಿಕೊಂಡು ಇಳಿದುಹೋಗಿದ್ದಳು. ಎಷ್ಟು ದಿನವೋ, ಯಾರು ಬಲ್ಲರು.

ಶವಾಗಾರದಲ್ಲಿ ಕಾವಲಿನವನು ಬಟ್ಟೆ ಸರಿಸಿದ. ಮುಖ ಬೇರೆಯೇ, ಅವಳಿಗಿಂತ ಚಿಕ್ಕ ವಯಸ್ಸು. ಆದರೆ ಎಡಕ್ಕೆ ತೆಗೆದ ಬೈತಲೆ, ಕಿವಿಯ ಮೇಲೆ ಅಡ್ಡಡ್ಡ ಸಿಕ್ಕಿಸಿದ ಜೋಡಿ ಪಿನ್ನು, ಎಲ್ಲ ಅಕ್ಕನ ಹಾಗೆಯೇ. ತಂಗಿ ಅಕ್ಕನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅಕ್ಕಾ, ಏನಾದ್ರೂ ಮಾತಾಡು. ನಿನ್ನ ದನಿ ಕೇಳಬೇಕು ನನಗೆ."

ಲಿಫ್ಟಕ್ಕ ಇಡೀ ನೆನಪನ್ನು ತಡಕಾಡಿದಳು. ಆ ಮುಖ ಎಲ್ಲೂ ಸಿಗಲಿಲ್ಲ.

"ಇವರು ನಾನಲ್ಲ," ಎಂದಳು ಕಡೆಗೆ. ಅಂಥ ಮಾತನ್ನು ಅವಳು ಹುಟ್ಟಿದಾಗಿನಿಂದ ಆಡಿರಲಿಲ್ಲ.

ಕಾವಲಿನವನು ಹೆಣದ ಮುಂಗೈಗೆ ಕಟ್ಟಿದ್ದ ಹೆಸರಿನ ಪಟ್ಟಿ ಕತ್ತರಿಸಿದ. "ಹಾಗಾದ್ರೆ ಇವರ ಹೆಸರೇನಮ್ಮ?"

"ಗೊತ್ತಿಲ್ಲಪ್ಪ."

ಅವನು ಹೊಸ ಪಟ್ಟಿಯ ಮೇಲೆ ಬರೀ ನಂಬರು ಬರೆದು ಕಟ್ಟಿದ. ಕಳೆದುಕೊಂಡವಳು ತಾನೇ ಆದರೂ, ಮಲಗಿದವಳಿಂದ ಏನನ್ನೋ ಕಿತ್ತುಕೊಂಡೆನೆಂದು ಅವಳಿಗೆ ಅನ್ನಿಸಿತು. ಹೆಣ ಕೇಳಿಕೊಂಡು ಯಾರೂ ಬರಲಿಲ್ಲ. ಸುಡುವ ದಿನ ಅಕ್ಕತಂಗಿಯರೇ ಹೋಗಿ ನಿಂತರು. "ಸಂಬಂಧ ಏನು?" ಎಂದು ಅಲ್ಲಿನವರು ಕೇಳಿದಾಗ ತಂಗಿಯೇ ಮುಂದಾಗಿ, "ಬೇಕಾದವರು," ಎಂದುಬಿಟ್ಟಳು.

ಹೊಸ ಚೀಟಿ ಅಂಚೆಯಲ್ಲಿ ಬಂತು, ಒಂದಕ್ಷರವೂ ತಪ್ಪಿರಲಿಲ್ಲ. ಲಿಫ್ಟಕ್ಕ ಮತ್ತೆ ಕೆಲಸಕ್ಕೆ ಹೋದಳು. ಆದರೆ ಈಗ ಸ್ಟೂಲನ್ನು ತಿರುಗಿಸಿ, ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾಳೆ. ಹತ್ತಿದ ಒಬ್ಬೊಬ್ಬರ ಮುಖವನ್ನೂ ಇಳಿಯುವವರೆಗೆ ಕಣ್ಣು ಮಿಟುಕಿಸದೆ ನೋಡುತ್ತಾಳೆ. "ಹಾಗೆಲ್ಲ ದಿಟ್ಟಿಸಬೇಡಮ್ಮ, ಜನ ಹೆದರ್ತಾರೆ," ಎಂದು ಮ್ಯಾನೇಜರು ಹೇಳಿ ನೋಡಿದರು. ಆಗಲಿ ಸಾರ್ ಎಂದಳು. ಬಿಡಲಾಗಲಿಲ್ಲ. ಮೇಲಿನ ಮಹಡಿಯ ಕೆಲವರು, ಏದುಸಿರು ಬಿಡುತ್ತಲಾದರೂ, ಮೆಟ್ಟಿಲೇ ಹತ್ತುತ್ತಾರೆ.