ಹತ್ತು ಕೈ ಕಂಡ ಮರಿ

ಎರಡನೇ ಮಹಾಯುದ್ಧ ಶುರುವಾದ ವರ್ಷ ನನಗೆ ಹತ್ತು ತುಂಬಿತ್ತು. ನಾವು ಧಾರವಾಡದ ಕಡೆಯವರು. ಅಪ್ಪ ಪುಣೆ ಕ್ಯಾಂಪಿನ ಕಚೇರಿಯೊಂದರಲ್ಲಿ ಕಾರಕೂನ, ಮನೆಯೂ ಅಲ್ಲೇ. ಅವ್ವ ಮನೆಯಲ್ಲಿ ನಾಯಿ ಸಾಕಿ, ಮರಿಗಳನ್ನು ಸಾಹೇಬರ ಬಂಗಲೆಗಳಿಗೆ ಮಾರುತ್ತಿದ್ದಳು. "ಹತ್ತು ಕೈ ಕಂಡ ಮರಿ ಅಂಜೂದಿಲ್ಲ, ಕಚ್ಚೂದಿಲ್ಲ" ಎಂಬುದು ಅವಳು ತನ್ನ ಅಜ್ಜನಿಂದ ಕಲಿತ ಮಾತು. ಹಾಗಾಗಿ ಮರಿಗಳು ಓಡಾಡತೊಡಗಿದರೆ ಸಾಕು, ಓಣಿಯ ಮಕ್ಕಳೆಲ್ಲ ಸಂಜೆ ನಮ್ಮ ಅಂಗಳಕ್ಕೆ ಬಂದು ಎತ್ತಿ ಆಡಿಸಬೇಕು. ಎಲ್ಲರಿಗಿಂತ ಮೊದಲು ಬರುತ್ತಿದ್ದವಳು ಎದುರುಮನೆಯ ಶಕ್ಕೂ. ಅವಳ ಅಪ್ಪ ಬೆಳಗಾವಿ ಕಡೆಯ ದರ್ಜಿ.

ಆ ಸಲದ ಮರಿಗಳಲ್ಲಿ ದಪ್ಪನೆಯದೊಂದನ್ನು ಬೀದಿನಾಯಿ ಕಚ್ಚಿತು. ಅರಿಶಿನ ಹಚ್ಚಿದೆವು, ಗಾಯ ಮಾಯಿತು, ಮರೆತೆವು. ಕೆಲವು ವಾರ ಕಳೆದ ಮೇಲೆ ಅದು ಹಾಲು ಬಿಟ್ಟಿತು, ದನಿ ಒಡೆಯಿತು, ಜೊಲ್ಲು ಸುರಿಸುತ್ತ ಸಿಕ್ಕಿದ್ದನ್ನೆಲ್ಲ ಕಚ್ಚಿ ಸತ್ತಿತು. ಮರಿಗೆ ಹುಚ್ಚು ಹಿಡಿದಿತ್ತು, ಅದರ ಹಲ್ಲು ತಾಗಿದ ಪ್ರತಿ ಮಗುವಿಗೂ ಹೊಟ್ಟೆಗೆ ಚುಚ್ಚುಮದ್ದು ಆಗಲೇಬೇಕು ಎಂದರು ಡಾಕ್ಟರು. ಅದು ಕಚ್ಚಿದ್ದ ಉಳಿದ ಮರಿಗಳನ್ನು ಕೊಲ್ಲಿಸಲು ಅಪ್ಪ ದನದ ದವಾಖಾನೆಗೆ ಒಯ್ದರು. ಕೊಲ್ಲುವವನ ಕೈಗೂ ಅವು ಬಾಲ ಅಲ್ಲಾಡಿಸುತ್ತಲೇ ಹೋದವಂತೆ.

ಅವ್ವ ಮನೆಮನೆಗೆ ಹೋಗಿ ಹೇಳಿದಳು. "ನಾಯಿ ಮಾರಿ ಉಣ್ಣಾವರು ನೀವು, ಸೂಜಿ ನಮ್ಮ ಹುಡುಗರಿಗೆ" ಎಂದು ಬೈದವರೂ ಮಕ್ಕಳನ್ನು ಕಳಿಸಿದರು. ಶಕ್ಕೂಗೂ ಹಲ್ಲು ತಾಗಿತ್ತು, ಆದರೆ ಅವಳಪ್ಪ ದರ್ಜಿ ಒಬ್ಬನೇ ಒಪ್ಪಲಿಲ್ಲ.

"ಮುಳ್ಳು ಗೀರಿದಷ್ಟ ಆಗೇದ. ಅದಕ್ಕ ಕೂಸಿನ ಹೊಟ್ಟಿ ತೂತು ಮಾಡಸ್ಲೇನ್ರಿ? ನಮ್ಮೂರಾಗ ಬೇರು ಕೊಡ್ತಾರ."

"ಬೇರೂ ಕೊಡಸ್ರಿ, ಸೂಜೀನೂ ಹಾಕಸ್ರಿ. ನಿಮ್ಮ ಕಾಲು ಬೀಳ್ತೀನಿ ಅಣ್ಣಾ."

ಅವನು ಬಾಗಿಲು ಹಾಕಿಕೊಂಡ. ಅವ್ವ ಅವರ ಕಟ್ಟೆಯ ಮೇಲೆ ಕೂತಳು. ಊಟದ ಹೊತ್ತು ಮೀರಿತು, ಬಿಸಿಲು ಇಳಿಯಿತು, ಬಾಗಿಲು ತೆರೆಯಲಿಲ್ಲ. ಕೊನೆಗೆ ಮನೆಯ ದೀಪ ಹಚ್ಚಲೆಂದು ಎದ್ದು ಬಂದಳು. ಮರುದಿನ ಅವರು ಊರಿಗೆ ಹೊರಟು, ಎರಡು ಮೂರು ದಿನದಲ್ಲಿ ಮಗಳಿಗೆ ಬೇರಿನ ಕಷಾಯ ಕುಡಿಸಿಕೊಂಡು ಬಂದರು.

ನಾವು ದಿನಾ ಚುಚ್ಚಿಸಿಕೊಂಡು, ಹೊಟ್ಟೆ ಹಿಡಿದು ಟಾಂಗಾದಿಂದ ಇಳಿಯುವಾಗ ಶಕ್ಕೂ ನಗುತ್ತಿದ್ದಳು. "ನಿಮ್ಮ ಹೊಟ್ಟಿ ಕೌದಿ ಹೊಲದಂಗ ಹೊಲ್ದಾರಲ್ಲ. ನಮ್ಮಪ್ಪಗ ಹೇಳಿದ್ರ ಇನ್ನೂ ಚಂದ ಹೊಲೀತಿದ್ದ."

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ನೀರಿನ ತಂಬಿಗೆ ಕಂಡು ಚೀರಿ ಮುಖ ತಿರುಗಿಸಿದಳು. ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ.

ಕರ್ಮಗಳು ಮುಗಿದ ಮೇಲೆ ಅವಳ ತಾಯಿ ಗಂಗವ್ವ ನಮ್ಮ ಮನೆಗೆ ಬಂದಳು. ಶಾಪ ಹಾಕುತ್ತಾಳೆ ಎಂದುಕೊಂಡು ಅವ್ವ ತಲೆ ತಗ್ಗಿಸಿ ನಿಂತಳು.

"ಅಕ್ಕಾರ, ಆವತ್ತು ನೀವು ಇನ್ನೊಂದೀಟು ಕೂಡಬೇಕಿತ್ತು" ಎಂದಳು ಗಂಗವ್ವ. "ಅವರು ಬಾಗಲಾ ತೆರ್ಯಾಕ ಎದ್ದಿದ್ರು. ನೀವು ಹೊಂಟಿದ್ದು ಕಿಟಕ್ಯಾಗ ಕಂಡು ಮತ್ತ ಕೂತ್ರು."

ಅವ್ವ ಮತ್ತೆಂದೂ ನಾಯಿ ಸಾಕಲಿಲ್ಲ.

ಈಗ ನಾನು ಅವ್ವನ ಅಂದಿನ ವಯಸ್ಸನ್ನು ಎಂದೋ ದಾಟಿದ್ದೇನೆ. ಯಾರಿಗಾದರೂ ಹೇಳಲೇಬೇಕಾದ ಮಾತು ಹೇಳಿ, ಅವರು ಕೇಳಲಿಲ್ಲವೆಂದು ಏಳಹೋದರೆ ಕಾಲು ಏಳುವುದಿಲ್ಲ. ಬೈಸಿಕೊಂಡರೂ ಸರಿ, ಇನ್ನಷ್ಟು ಹೊತ್ತು ಕೂಡುತ್ತೇನೆ.