ತಂಗಿಯ ಕುರಿಗಳ ಕಿವಿ

ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನು. ಊರು ಆಂಧ್ರದ ಗಡಿಯೊಳಗೆ, ಹೊಳಗುಂದದ ಹತ್ತಿರ. ಕನ್ನಡ ಶಾಲೆಯಲ್ಲಿ ಕಲಿತ ಅಕ್ಷರ, ಸಂತೆಯಲ್ಲಿ ಕಲಿತ ತೆಲುಗು, ಇಷ್ಟೇ ನನ್ನ ವಿದ್ಯೆ. ಮಿಕ್ಕಿದ್ದೆಲ್ಲ ಕುರಿಯ ಹಿಂದೆ ತಿರುಗಿ ತಿಳಿದದ್ದು. ನಾನು ಮಾಡಿದ ಒಂದು ತಪ್ಪನ್ನು ಬರೆಯಲು ಕೂತಿದ್ದೇನೆ. ಅದನ್ನು ಹೇಳಬೇಕಾದವಳಿಗೆ ಹೇಳಿ ಆಗಿದೆ. ಅದಕ್ಕೇ ಬರೆಯಲು ಧೈರ್ಯ ಬಂದಿದೆ.

ನಮ್ಮ ಮನೆತನದಲ್ಲಿ ಹೆಣ್ಣು ಮಗುವಿನ ಮೊದಲ ಕೂದಲು ತೆಗೆಸುವ ದಿನ ಸೋದರಮಾವ ಒಂದು ಹೆಣ್ಣುಮರಿ ಕೊಡುತ್ತಾನೆ. ಆ ಮರಿ ದೊಡ್ಡದಾಗಿ ಮರಿ ಹಾಕಿದರೆ ಅದೂ ಆ ಹುಡುಗಿಯದೇ, ಅದರ ಮರಿಯೂ ಅವಳದೇ. ಗಂಡುಮರಿಗಳನ್ನು ಮನೆಯವರು ಮಾರಿಕೊಳ್ಳಬಹುದು, ಹೆಣ್ಣುಸಾಲನ್ನು ಮುಟ್ಟುವಂತಿಲ್ಲ. ಮದುವೆಯಾಗಿ ಹೋದ ಮೇಲೂ, ಗಂಡನ ಮನೆಯಲ್ಲಿ ಕುರಿ ಕಟ್ಟಲು ಅನುಕೂಲವಾಗುವವರೆಗೆ, ಅವು ಅಣ್ಣನ ಮಂದೆಯಲ್ಲೇ ಮೇಯುತ್ತವೆ. ಯಾವುದು ಯಾರದು ಎನ್ನುವುದಕ್ಕೆ ಕಿವಿಯಲ್ಲಿ ಗುರುತು. ನಮ್ಮ ಕುರಿಗಳಿಗೆ ಎಡಗಿವಿಯ ತುದಿಯಲ್ಲಿ ಒಂದು ಸೀಳು. ತಂಗಿಯವಕ್ಕೆ ಅದೇ ಕಿವಿಯಲ್ಲಿ ಕಡಲೆಕಾಳಿನಷ್ಟು ತೂತು.

ತಂಗಿಯನ್ನು ಮದ್ದಿಕೇರದ ಕಡೆಗೆ ಕೊಟ್ಟೆವು. ಅವಳು ಹೋಗುವಾಗ ಅವಳ ಸಾಲಿನಲ್ಲಿ ಏಳು ಕುರಿಗಳಿದ್ದವು.

ಮರುವರ್ಷ ಮಳೆ ಬಿಡದೆ ಹಿಡಿದಾಗ ನೀಲಿ ನಾಲಿಗೆ ಬೇನೆ ಬಂತು. ಬಾಯಿ ಊದಿ, ಕಾಲು ಕುಂಟಿ, ಮೇವು ಬಿಟ್ಟು ಕುರಿಗಳು ಬೀಳತೊಡಗಿದವು. ದಿನ ಬೆಳಗಾದರೆ ಸತ್ತವನ್ನು ದೊಡ್ಡಿಯಿಂದ ಎಳೆದು ಹಾಕುವುದೇ ಕೆಲಸ. ಬಿದ್ದವೆಲ್ಲ ನನ್ನವು. ತೂತುಗಿವಿಯ ಏಳೂ ಒಂದು ಮೂಲೆಯಲ್ಲಿ ನಿಂತು ಮೆಲುಕು ಹಾಕುತ್ತಿದ್ದವು. ನಿಜ ಹೇಳಬೇಕೆಂದರೆ ಅವನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಮೇಯಿಸಿದವನು ನಾನು, ಮಳೆಯಲ್ಲಿ ನೆಂದವನು ನಾನು, ಉಳಿದದ್ದು ಅವಳದು ಎಂದು.

ಔಷಧ ತರಲು ಆದೋನಿಗೆ ಹೋಗಿದ್ದಾಗ ತಂಗಿಯ ಫೋನು ಬಂತು.

"ಅಣ್ಣಾ, ನಮ್ಮವು ಹೆಂಗದಾವು?"

"ಹೋದವು ತಂಗೀ," ಎಂದೆ. "ನಿನ್ನವು ಎಲ್ಲಾ ಹೋದವು."

ಮೊದಲೇ ಯೋಚಿಸಿ ಹೇಳಿದ ಮಾತಲ್ಲ. ಆದರೆ ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಅವಳು ಸ್ವಲ್ಪ ಹೊತ್ತು ಅತ್ತು, "ನಿನ್ನವು ಒಂದೀಟು ಉಳದಾವಲ್ಲ? ಅಷ್ಟು ಸಾಕು ಬಿಡು," ಎಂದಳು.

ಊರಿಗೆ ಬಂದವನು ಏಳೂ ಕುರಿಗಳನ್ನು ಹಿಡಿದು ಕಿವಿ ಕೊಯ್ದೆ. ತೂತಿನಿಂದ ತುದಿಯವರೆಗೆ ಒಂದು ಗೀರು ಎಳೆದರೆ ತೂತು ಸೀಳಾಗುತ್ತದೆ. ಒಂದು ಬೀಡಿ ಸೇದುವಷ್ಟರಲ್ಲಿ ಏಳೂ ನನ್ನವಾದವು. ಮನೆಯಲ್ಲೂ ತಂಗಿಯವು ಸತ್ತವೆಂದೇ ಹೇಳಿದೆ.

ಕೊಯ್ದದ್ದು ಸುಲಭ, ಮುಚ್ಚಿಡುವುದು ಕಷ್ಟವಾಯಿತು. ತಂಗಿ ವಿಡಿಯೊ ಕಾಲ್ ಮಾಡಿ, "ಕುರಿಮಂದೀ ತೋರ್ಸು ಅಣ್ಣಾ, ನೋಡಿ ಭಾಳ ದಿನಾತು," ಎನ್ನುವಳು. ನಾನು ಫೋನನ್ನು ಬೇಲಿಯ ಕಡೆ ತಿರುಗಿಸಿ, ಸಿಗ್ನಲ್ ಇಲ್ಲ ಎಂದು ಕಟ್ ಮಾಡುತ್ತಿದ್ದೆ. ಪಂಚಮಿ ಬಂದಾಗ ಅಣ್ಣನಾದವನು ಹೋಗಿ ತಂಗಿಯನ್ನು ತವರಿಗೆ ಕರೆತರಬೇಕು. ಅವಳು ಬಂದರೆ ಸಂಜೆ ದೊಡ್ಡಿಯ ಹತ್ತಿರ ಬಂದೇ ಬರುತ್ತಾಳೆ. ಆ ವರ್ಷ ಜ್ವರ ಎಂದೆ. ಮರುವರ್ಷ ಶೇಂಗಾ ಕಳೆ ಎಂದೆ. ಮೂರನೆಯ ವರ್ಷ ಏನೂ ಹೇಳದೆ ಸುಮ್ಮನಿದ್ದೆ. ಆ ನಡುವೆ ಅವಳಿಗೊಂದು ಹೆಣ್ಣು ಮಗು ಹುಟ್ಟಿತು. ಹೆರಿಗೆಗೂ ಅವಳು ನಮ್ಮ ಮನೆಗೆ ಬರಲಿಲ್ಲ, ನಾನು ಕರೆಯಲಿಲ್ಲ.

"ಹೆಣ್ಮಗಳು ಸತ್ತಾಳೇನು, ಕರೀದಂಗಿರಾಕ?" ಎಂದು ಅವ್ವ ಪಂಚಮಿಯ ಉಂಡಿ ಕಟ್ಟುತ್ತ ಅನ್ನುವಳು. ಆಮೇಲೆ ಧ್ವನಿ ತಗ್ಗಿಸಿ, ಆದರೆ ನನ್ನ ಹೆಂಡತಿಗೆ ಕೇಳುವ ಹಾಗೆ, "ಮನಿಗೆ ಬಂದಾಕಿಗೆ ಬ್ಯಾಡಾದ್ರ ಯಾರೇನ್ ಮಾಡಾಕಾಗ್ತೈತಿ?" ಎನ್ನುವಳು. ಹೆಂಡತಿ ನನ್ನ ಮುಖ ನೋಡುವಳು. ನಾನು ಬಾಗಿಲ ಕಡೆ ನೋಡುತ್ತಿದ್ದೆ.

ಇಷ್ಟು ವರ್ಷ ಇದನ್ನು ಹೊತ್ತುಕೊಂಡಿದ್ದವನಿಗೆ ಬುದ್ಧಿ ಬಂದದ್ದು ಯಾರ ಉಪದೇಶದಿಂದಲೂ ಅಲ್ಲ, ದಿನವೂ ಮಾಡುವ ಕೆಲಸದಿಂದ. ಎಳೆಯ ಮರಿಗಳನ್ನು ನಾವು ಮೇಯಲು ಒಯ್ಯುವುದಿಲ್ಲ, ದೊಡ್ಡಿಯ ಒಂದು ಮೂಲೆಯಲ್ಲಿ ಬೇಲಿ ಹಾಕಿ ಬಿಟ್ಟಿರುತ್ತೇವೆ. ಸಂಜೆ ತಾಯಿಗಳು ಬಂದ ಮೇಲೆ ಬಾಗಿಲು ತೆಗೆದರೆ ಎಲ್ಲವೂ ಒಮ್ಮೆಲೇ ಒದರುತ್ತ ಓಡುತ್ತವೆ. ಕಳೆದ ಶ್ರಾವಣಕ್ಕೆ ಮುಂಚೆ ಒಂದು ಸಂಜೆ ಎರಡು ದಿನದ ಮರಿಯೊಂದು ಒದ್ದಾಡುತ್ತಿತ್ತು. ಎತ್ತಿಕೊಂಡು ಹೋಗಿ, ಅದರ ತಾಯಿ ಇದೇ ಇರಬೇಕೆಂದು ನನ್ನ ಒಂದು ಕುರಿಯ ಕೆಚ್ಚಲಿಗೆ ಹಿಡಿದೆ. ಅದು ಮರಿಯ ಬಾಲ ಮೂಸಿ, ತಲೆಯಿಂದ ಗುಮ್ಮಿ ದೂಡಿತು. ಮತ್ತೆ ಹಿಡಿದೆ, ಮತ್ತೆ ದೂಡಿತು. ಮರಿ ನನ್ನ ಕೈಯಿಂದ ಜಾರಿ, ಗದ್ದಲದ ನಡುವೆ ನುಗ್ಗಿ, ಆ ಏಳರಲ್ಲಿ ಒಂದರ ಹೊಟ್ಟೆಯ ಕೆಳಗೆ ಹೋಗಿ ಮೊಣಕಾಲೂರಿತು. ಆ ಕುರಿ ಒಮ್ಮೆ ಮೂಸಿ ಸುಮ್ಮನೆ ನಿಂತಿತು.

ದಿನಾ ನೋಡುವ ನೋಟ. ಅಂದು ಮಾತ್ರ ನಾನು ಬಾಗಿಲು ಹಾಕುವುದನ್ನೂ ಮರೆತು ನಿಂತೆ. ಈ ಮರಿಗಳಿಗೂ ನಾಳೆ ನಾಡಿದ್ದು ನನ್ನ ಸೀಳು ಹಾಕಲಿದ್ದೆ. ಎಷ್ಟು ಕಿವಿ ಅಂತ ಕೊಯ್ಯಲಿ?

ಮರುದಿನ ಬೆಳಗಿನ ಬಸ್ಸಿಗೆ ಹೊರಟೆ. ಆಲೂರು, ಗುಂತಕಲ್ಲು, ಮದ್ದಿಕೇರ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ತಂಗಿ ಅಂಗಳದಲ್ಲಿ ಬಿತ್ತನೆಗೆ ಶೇಂಗಾ ಸುಲಿಯುತ್ತಿದ್ದಳು. ನನ್ನನ್ನು ಕಂಡು ಎದ್ದವಳು, "ಅವ್ವಗ ಏನಾತು?" ಎಂದಳು. ನಾನು ಬಂದರೆ ಸಾವಿನ ಸುದ್ದಿಯೇ ಇರಬೇಕು ಎನ್ನುವಷ್ಟು ದೂರವಾಗಿದ್ದೆ.

"ಅವ್ವ ಗಟ್ಟಿ ಅದಾಳ. ನಿನ್ನ ಕುರಿ ಸತ್ತಿಲ್ಲ ತಂಗೀ. ನಾ ಸುಳ್ಳು ಹೇಳಿದೆ. ಕಿವಿ ಕೊಯ್ದು ನನ್ನವು ಮಾಡ್ಕೊಂಡೀನಿ."

ಜೋಡಿಸಿಕೊಂಡಿದ್ದ ಮಾತೆಲ್ಲ ಇಷ್ಟರಲ್ಲೇ ಮುಗಿದುಹೋಯಿತು. ಅವಳು ಕೂತು ಮತ್ತೆ ಶೇಂಗಾ ಸುಲಿಯತೊಡಗಿದಳು. ನಾಲ್ಕೈದು ಕಾಯಿ ಸುಲಿದ ಮೇಲೆ ಕೇಳಿದಳು:

"ಕೊಯ್ದಾಗ ಅರಿಶಿಣ ಹಚ್ಚಿದ್ಯೋ ಇಲ್ಲೋ?"

"ಹಚ್ಚಿದ್ದೆ."

"ಅಷ್ಟಾದ್ರೂ ಮಾಡೀಯಲ್ಲ, ದೊಡ್ಡ ಮನಷ್ಯ." ಆಮೇಲೆ, "ಒಂದ್ಸಲ ಫೋನಿನ್ಯಾಗ ಒಂದು ಮರಿ ಕಂಡಿತ್ತು. ಕಣ್ಣಿನ ಸುತ್ತ ಕಾಡಿಗಿ ತೀಡಿದಂಗ ಕಪ್ಪು. ನಮ್ಮ ಸಾಲಿಂದ ಇದ್ದಂಗೈತಿ, ಒಂದು ಉಳಕಂಡೈತೇನೋ, ಅಣ್ಣ ಹೇಳಾಕ ಮರ್ತಾನ ಅಂದ್ಕೊಂಡೆ."

ನಾನೂ ಒಂದು ಹಿಡಿ ಶೇಂಗಾ ಎಳೆದುಕೊಂಡು ಸುಲಿಯತೊಡಗಿದೆ.

"ಕುರಿ ಹೋಗ್ಲಿ. ಪಂಚಮಿಗೆ ಯಾಕ ಬರ್ಲಿಲ್ಲ? ಅತ್ತಿಗಿಗೆ ನಾ ಬ್ಯಾಡಾಗೀನಿ ಅಂದ್ಕೊಂಡು ಆಕಿ ಫೋನ್ ಮಾಡಿದ್ರೂ ಎತ್ತಿಲ್ಲ ನಾನು. ಮೂರು ವರ್ಷ ಆಕಿನ್ನ ಬೈಕೊಂಡೀನಿ. ಅದನ್ನ ಹೆಂಗ ವಾಪಸ್ ತಗಳ್ಳಿ ಈಗ?"

ಅಲ್ಲಿಯವರೆಗೆ ನಾನು ತೆಗೆದುಕೊಂಡದ್ದು ಏಳು ಕುರಿ ಎಂದೇ ಲೆಕ್ಕ ಹಿಡಿದಿದ್ದೆ. ಅಳು ಬಂತು, ಅತ್ತುಬಿಟ್ಟೆ. ಒಳಗಿನಿಂದ ಅವಳ ಅತ್ತೆ, "ಎವರಮ್ಮಾ ವಚ್ಚಿಂದಿ?" ಎಂದು, ಬಂದವರು ಯಾರೆಂದು ತೆಲುಗಿನಲ್ಲಿ ಕೂಗಿ ಕೇಳಿದಳು. "ಮಾ ಅನ್ನ," ಎಂದಳು ತಂಗಿ. ನನ್ನನ್ನು ಇನ್ನೂ ಅಣ್ಣ ಎನ್ನುತ್ತಿದ್ದಾಳೆ. ಅಂದು ಅವಳು ಬಡಿಸಿದ ರೊಟ್ಟಿ ಎಷ್ಟು ತಿಂದೆನೋ ತಿಳಿಯದು. ಮೂರು ವರ್ಷಗಳ ಹಸಿವು.

ಪಂಚಮಿಗೆ ನಾನೇ ಹೋಗಿ ಅವಳನ್ನೂ ಮಗುವನ್ನೂ ಕರೆತಂದೆ. ಅವ್ವನ ಮುಂದೆ, ಹೆಂಡತಿಯ ಮುಂದೆ ಮತ್ತೊಮ್ಮೆ ಎಲ್ಲ ಹೇಳಿದೆ. ಅವ್ವ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಹೆಂಡತಿ ಮಾತ್ರ ಬಿಡಲಿಲ್ಲ. "ಊರ ಬಾಯಿಗೆ ನಾ ಬಿದ್ದೆ, ನೀ ಬೀಡಿ ಸೇದ್ಕೋತ ಕುಂತಿ," ಎಂದು ಶುರುಮಾಡಿದಳು. ತಂಗಿಯೂ ಅವಳ ಪಕ್ಕಕ್ಕೆ ಕೂತು ಇನ್ನೆರಡು ಸೇರಿಸಿದಳು. ಇಬ್ಬರೂ ಸೇರಿ ನನ್ನನ್ನು ಬೈಯುತ್ತ ಬೈಯುತ್ತ ಒಬ್ಬರ ಮಡಿಲಿಂದ ಒಬ್ಬರು ಉಂಡಿ ತೆಗೆದು ತಿನ್ನುತ್ತಿದ್ದರು. ನನಗೆ ಕೊಡಲಿಲ್ಲ. ನಾನು ಗೋಡೆಗೊರಗಿ ಕೇಳುತ್ತ ಕೂತೆ. ಬಹಳ ದಿನಗಳ ಮೇಲೆ ಮನೆಯೊಳಗೆ ಎಲ್ಲಿ ನೋಡಬೇಕೆಂದು ಹುಡುಕದೆ ಕೂತಿದ್ದೆ.

ಸಂಜೆ ತಂಗಿ ದೊಡ್ಡಿಗೆ ಬಂದಳು. ಒಂದು ಕುರಿಯ ಕಿವಿಯನ್ನೂ ಮುಟ್ಟಿ ನೋಡಲಿಲ್ಲ. ಮುಖ ನೋಡಿ, ನಡಿಗೆ ನೋಡಿ, ಮರಿ ಯಾರ ಹತ್ತಿರ ಓಡಿತು ನೋಡಿ, ತನ್ನವನ್ನು ಬೇರೆ ಮಾಡಿದಳು. ನಾನು ಅವಳದೆಂದು ತಂದ ಒಂದನ್ನು, "ಇದು ನನ್ನದಲ್ಲ, ಅಪ್ಪನ ಕಾಲದ ಬೋಳಿ ಕುರಿ ಸಾಲಿಂದು," ಎಂದು ಹಿಂದಕ್ಕೆ ಅಟ್ಟಿದಳು. ನಾನು ನನ್ನದೇ ಎಂದು ನಂಬಿದ್ದ ಎರಡನ್ನು ಎಳೆದುಕೊಂಡಳು. "ಕಿವಿ ನೋಡಿ ಕುರಿ ಗುರ್ತು ಹಿಡಿಯಾದು ದಲ್ಲಾಳಿಗಳು. ನೀ ಯಾವಾಗ ದಲ್ಲಾಳಿ ಆದಿ?" ಎಂದಳು. ಆಡಿಕೊಂಡದ್ದೇ, ಆದರೆ ಅದರಲ್ಲಿ ಕಲಿಯುವುದಿತ್ತು. ಆ ದಿನದಿಂದ ಪ್ರತಿ ಸಂಜೆ ನಾನೂ ಮುಖ ನೋಡಿ ಹೇಳುವುದನ್ನು ರೂಢಿ ಮಾಡುತ್ತಿದ್ದೇನೆ. ಈ ವಯಸ್ಸಿನಲ್ಲಿ.

ಹಬ್ಬ ಮುಗಿದ ಮೇಲೆ ಕುರಿಗಳನ್ನು ಸಾಗಿಸಲು ಲಗೇಜ್ ಆಟೊ ಹೇಳಿದೆವು. ತಂಗಿ ಮಗುವನ್ನೆತ್ತಿಕೊಂಡು ಮುಂದೆ ಕೂತಳು. "ನೀ ಹಿಂದ ನಿಂದ್ರು. ಹಾದ್ಯಾಗ ಒಂದು ಜಿಗದ್ರೂ ನಿನ್ನನ್ನ ಬಿಡಾಂಗಿಲ್ಲ," ಎಂದಳು. ನಾನು ಕುರಿಗಳ ನಡುವೆ ಕಾಲೂರಿ ನಿಂತೆ. ಆಲೂರಿನಲ್ಲಿ ಚಹಕ್ಕೆ ನಿಲ್ಲಿಸಿದಾಗ ಒಬ್ಬ ವ್ಯಾಪಾರಿ ಬಂದು ಒಂದರ ಬೆನ್ನು ಅದುಮಿ ನೋಡಿ ಕೇಳಿದ.

"ಒಳ್ಳೆ ಕುರಿ. ಕೊಡ್ತೀಯೇನು?"

"ನನ್ನವಲ್ಲ," ಎಂದೆ. "ನಮ್ಮ ತಂಗಿಯವು. ಮುಂದ ಕುಂತಾಳ, ಆಕಿನ್ನ ಕೇಳು."

ಅವನು ಮುಂದಕ್ಕೆ ಹೋಗುವಷ್ಟರಲ್ಲೇ ತಂಗಿ ಕಿಟಕಿಯಿಂದ ಕೈ ಹೊರಗೆ ಹಾಕಿ, ಇಲ್ಲ ಎಂದು ಆಡಿಸುತ್ತಿದ್ದಳು.